ಕೋಟಿಯ ತೊಲೆ: ಮನೆಯಲ್ಲೇ ಕಲಿಯುವ ಮಕ್ಕಳ ಗಣಿತ ಸಾಮಗ್ರಿ ಕುರಿತು ಒಂದು ಟಿಪ್ಪಣಿ

ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿರುವ ಕೆಲವು ಕುಟುಂಬಗಳ ಗಣಿತ ಸಾಮಗ್ರಿಯನ್ನು ನೋಡುತ್ತ ಹೋದಾಗ ಎದ್ದ ಒಂದೇ ಪ್ರಶ್ನೆಗೆ ಈ ಟಿಪ್ಪಣಿ ಸೀಮಿತ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ರೂಪುಗೊಂಡ ಮಾಂಟೆಸ್ಸರಿ ಸಾಮಗ್ರಿ ಸಂಖ್ಯೆಯನ್ನು ಮೂರು ಮೂರು ಸ್ಥಾನಗಳ ಗುಂಪಾಗಿ ತೋರಿಸುತ್ತದೆ. ನಾವು ಸಾವಿರ ದಾಟಿದ ಮೇಲೆ ಎರಡೆರಡು ಸ್ಥಾನಕ್ಕೊಂದು ಹೆಸರು ಹಿಡಿದು ಎಣಿಸುತ್ತೇವೆ. ಕೈಯಲ್ಲಿರುವ ವಸ್ತುವಿನ ಲೆಕ್ಕ ಒಂದಾದರೆ ಬಾಯಿಗೆ ಬರುವ ಹೆಸರಿನ ಲೆಕ್ಕ ಇನ್ನೊಂದು. ಕೈಯಿಂದಲೇ ಕಲಿಯಬೇಕೆಂದು ನಂಬಿದ ಪದ್ಧತಿಯಲ್ಲಿ ಇದನ್ನು ಕಡೆಗಣಿಸಲಾಗದು.

ಮೊದಲು ಸಾಮಗ್ರಿಯ ಅಳತೆ. ಸ್ಥಾನಬೆಲೆ ತೋರಿಸುವ ಮರದ ಸೆಟ್ಟಿನಲ್ಲಿ ಒಂದು ಎಂದರೆ ಅರ್ಧ ಸೆಂಟಿಮೀಟರಿನ ಹಸಿರು ಘನ. ಅಂಥ ಹತ್ತು ಸಾಲಾಗಿ ಸೇರಿದರೆ 5 ಸೆಂ.ಮೀ. ಉದ್ದದ ನೀಲಿ ಕೋಲು, ಅದು ಹತ್ತು. ಹತ್ತು ಕೋಲು ಅಕ್ಕಪಕ್ಕ ಮಲಗಿದರೆ ಕೆಂಪು ಹಲಗೆ, ಅದು ನೂರು. ಹತ್ತು ಹಲಗೆ ಪೇರಿಸಿದರೆ ಮತ್ತೆ ಘನ, ಮತ್ತೆ ಹಸಿರು. ಈಗ ಅದರ ಬದಿ 5 ಸೆಂ.ಮೀ., ಅದರ ಬೆಲೆ ಸಾವಿರ. ಇಲ್ಲಿಂದ ಇದೇ ಸುತ್ತು ಮರುಕಳಿಸುತ್ತದೆ. ಹತ್ತು ಸಾವಿರಕ್ಕೆ ಅರ್ಧ ಮೀಟರಿನ ನೀಲಿ ಕೋಲು, ಲಕ್ಷಕ್ಕೆ ಅರ್ಧ ಮೀಟರ್ ಚೌಕದ ಕೆಂಪು ಹಲಗೆ, ಹತ್ತು ಲಕ್ಷಕ್ಕೆ ಅರ್ಧ ಮೀಟರಿನ ಹಸಿರು ಘನ. ಬೆರಳ ತುದಿಯಲ್ಲಿ ಹಿಡಿಯುವ ಘನವನ್ನೂ ಎರಡೂ ತೋಳಲ್ಲಿ ತಬ್ಬಿ ಎತ್ತಬೇಕಾದ ಘನವನ್ನೂ ಪಕ್ಕಪಕ್ಕ ಇಟ್ಟಾಗ ಹತ್ತು ಲಕ್ಷ ಎಂದರೆ ಏನೆಂದು ಮಗುವಿಗೆ ಬೇರೆ ಹೇಳಬೇಕಾಗಿಲ್ಲ. ಇದಕ್ಕಿಂತ ಚೆನ್ನಾಗಿ ಸ್ಥಾನಬೆಲೆಯನ್ನು ಕಾಣಿಸುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ.

ಮಾರಿಯಾ ಮಾಂಟೆಸ್ಸರಿ ಭಾರತಕ್ಕೆ ಬಂದದ್ದು 1939ರಲ್ಲಿ, ಮದರಾಸಿನ ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ಕರೆಯ ಮೇಲೆ. ಮಹಾಯುದ್ಧದಲ್ಲಿ ಇಟಲಿ ಬ್ರಿಟನ್ನಿನ ಎದುರು ನಿಂತಾಗ ಅವರ ಓಡಾಟಕ್ಕೆ ನಿರ್ಬಂಧ ಬಿತ್ತು, ಮಗ ಮಾರಿಯೊ ಕೆಲಕಾಲ ಸೆರೆಯಲ್ಲಿದ್ದರು. ಕೆಲವೇ ತಿಂಗಳಿಗೆಂದು ಬಂದವರು ಯುದ್ಧ ಮುಗಿಯುವ ತನಕ ಇಲ್ಲೇ ಉಳಿದರು. ಕೊಡೈಕೆನಾಲಿನಲ್ಲಿ ಕಳೆದ ವರ್ಷಗಳಲ್ಲಿ ಗಿಡ, ಪ್ರಾಣಿ, ಭೂಮಿಯ ಕಥೆಗಳನ್ನು ಒಂದೇ ಎಳೆಯಲ್ಲಿ ಕಟ್ಟುವ ದೊಡ್ಡ ಮಕ್ಕಳ ಪಾಠಕ್ರಮ ಬೆಳೆಯಿತು. ಆದರೆ ಅಂಕಗಣಿತದ ಸಾಮಗ್ರಿಯನ್ನು ವಿವರಿಸುವ ಅವರ ಪುಸ್ತಕ 1934ರಲ್ಲೇ ಬಾರ್ಸಿಲೋನಾದಲ್ಲಿ ಅಚ್ಚಾಗಿತ್ತು. ಹಾಗಾಗಿ ಲಕ್ಷ, ಕೋಟಿ ಎಣಿಸುವ ನಾಡಿನ ಗಾಳಿ ಗಿಡಮರಗಳ ಪಾಠಕ್ಕೆ ತಗುಲಿದಷ್ಟು ಘನ, ಕೋಲು, ಹಲಗೆಗಳಿಗೆ ತಗುಲಲಿಲ್ಲ ಎಂದು ನನ್ನ ಊಹೆ. ಇಂದು ನಮ್ಮಲ್ಲೇ ತಯಾರಾಗುವ ಸೆಟ್ಟುಗಳಲ್ಲೂ ಬಣ್ಣದ ಸರದಿ ಅದೇ.

ಸಾವಿರದ ತನಕ ಕನ್ನಡಕ್ಕೂ ಈ ಸಾಮಗ್ರಿಗೂ ಒಳ್ಳೆಯ ಹೊಂದಾಣಿಕೆ. ಹನ್ನೊಂದು, ಹನ್ನೆರಡು, ಹದಿಮೂರು ಎನ್ನುವಾಗ ಹತ್ತರ ಸದ್ದು ಉಳಿದೇ ಇರುತ್ತದೆ. ಹತ್ತೊಂಬತ್ತರಲ್ಲಿ ಹತ್ತೂ ಒಂಬತ್ತೂ ಎರಡೂ ಕೇಳುತ್ತವೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್‌ಗಳಲ್ಲಿ ಹತ್ತು ಹೀಗೆ ಕಿವಿಗೆ ಬೀಳುವುದಿಲ್ಲ. ಹತ್ತರ ಮಣಿಸರದ ಪಕ್ಕ ಬಿಡಿ ಮಣಿ ಇಟ್ಟು ಓದುವ ಕನ್ನಡದ ಮಗುವಿಗೆ ಕಣ್ಣು ಕಂಡದ್ದನ್ನೇ ಕಿವಿಯೂ ಕೇಳುತ್ತದೆ. ಸಣ್ಣ ತರಗತಿಯ ಮಟ್ಟದಲ್ಲಿ ಯಾವ ತಂದೆತಾಯಿಗೂ ತೊಂದರೆ ಕಾಣದಿರುವುದು ಇದರಿಂದಲೇ.

ತೊಂದರೆ ಕಾಣಿಸುವುದು ಎಂಟು, ಒಂಬತ್ತು ವರ್ಷದ ಹೊತ್ತಿಗೆ. ಒಂದು ಮನೆಯಲ್ಲಿ ಹುಡುಗ 2011ರ ಜನಗಣತಿಯ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯನ್ನು ಮರದ ಸೆಟ್ಟಿನ ಬಣ್ಣಗಳೇ ಇರುವ ಅಂಕಿಪಟ್ಟಿಗಳಿಂದ ಜೋಡಿಸಿದ್ದ: 9621551. ಬಣ್ಣ ನೋಡಿಕೊಂಡು ಓದಿದ: "ಒಂಬತ್ತು ಮಿಲಿಯನ್, ಆರುನೂರ ಇಪ್ಪತ್ತೊಂದು ಸಾವಿರ, ಐನೂರ ಐವತ್ತೊಂದು." ಹಾಸಿಗೆ ಮಡಿಸುತ್ತಿದ್ದ ಅಜ್ಜಿ ತಿರುಗಿ, "ಅಂದ್ರೆ ಎಷ್ಟು ಲಕ್ಷ ಪುಟ್ಟಾ?" ಎಂದರು. ಹುಡುಗ ಪಟ್ಟಿಗಳನ್ನು ನೋಡಿದ, ಅಜ್ಜಿಯನ್ನು ನೋಡಿದ, ಉತ್ತರ ಬರಲಿಲ್ಲ.

ಅವನ ಲೆಕ್ಕದಲ್ಲಿ ತಪ್ಪಿಲ್ಲ. ಅಂಕಿಗಳು ಅವುಗಳ ಜಾಗದಲ್ಲೇ ಇದ್ದವು. ಆದರೆ 'ಆರುನೂರ ಇಪ್ಪತ್ತೊಂದು ಸಾವಿರ' ಎಂದು ಕನ್ನಡದಲ್ಲಿ ಯಾರೂ ಎಣಿಸುವುದಿಲ್ಲ. ನಮ್ಮ ಓದಿನಲ್ಲಿ ಅದು ತೊಂಬತ್ತಾರು ಲಕ್ಷ ಇಪ್ಪತ್ತೊಂದು ಸಾವಿರದ ಐನೂರ ಐವತ್ತೊಂದು, ಬರೆದರೆ 96,21,551. ಈಗ ಬಣ್ಣಗಳನ್ನು ನೋಡಿ. ಎಡತುದಿಯ 9 ಹಸಿರು ಪಟ್ಟಿ, ಘನದ ಸ್ಥಾನ. ಅದರ ಪಕ್ಕದ 6 ಕೆಂಪು ಪಟ್ಟಿ, ಹಲಗೆಯ ಸ್ಥಾನ. ಸಾಮಗ್ರಿಯ ಗುಂಪು ಒಡೆಯುವುದು ಸರಿಯಾಗಿ ಇವೆರಡರ ನಡುವೆ. ಕನ್ನಡವೋ ಇವೆರಡನ್ನೂ ಒಂದೇ ಉಸಿರಿನಲ್ಲಿ 'ತೊಂಬತ್ತಾರು' ಎಂದು ಹಿಡಿಯುತ್ತದೆ. ಒಂದೇ ಮಾತಿನ ಮಧ್ಯೆ ಬಿರುಕು ಬಿದ್ದಂತೆ ಮಗುವಿಗೆ ಕಾಣುವುದು ಸಹಜ. ರಾಮಮೂರ್ತಿ ನಗರದ ಬೀದಿಗಳಲ್ಲಿ ಕನ್ನಡದ ಜೊತೆ ತೆಲುಗು, ತಮಿಳು, ಮಲಯಾಳ ಎಲ್ಲವೂ ಕೇಳುತ್ತವೆ, ಆದರೆ ಇದು ಕನ್ನಡ ಮನೆಯ ಸಮಸ್ಯೆ ಮಾತ್ರವಲ್ಲ. ಆ ಭಾಷೆಗಳೂ ಲಕ್ಷ, ಕೋಟಿಯಲ್ಲೇ ಎಣಿಸುತ್ತವೆ. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮುಕ್ತ ಮೂಲ ಶಿಕ್ಷಣದ ಪರೀಕ್ಷೆಗೆ ಕೂರುವ ಮಗುವಿಗೆ (ಅಲ್ಲಿಯ ಎ, ಬಿ, ಸಿ ಹಂತಗಳು ಶಾಲೆಯ 3, 5, 8ನೇ ತರಗತಿಗೆ ಸಮ) ಲಕ್ಷದ ಓದು ಬಾರದಿದ್ದರೆ ನಡೆಯದು.

ಹಾಗಾದರೆ ಬಣ್ಣ ಬದಲಿಸಿಬಿಡೋಣವೇ? ಸಾವಿರ, ಹತ್ತು ಸಾವಿರಕ್ಕೆ ಒಂದು ಬಣ್ಣದ ಜೋಡಿ, ಲಕ್ಷ, ಹತ್ತು ಲಕ್ಷಕ್ಕೆ ಇನ್ನೊಂದು ಎಂದು ಬಳಿದುಕೊಂಡ ತಾಯಿಯೊಬ್ಬರನ್ನು ಕಂಡಿದ್ದೇನೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ಪರಿಹಾರ ಅದಲ್ಲ. ಘನ, ಕೋಲು, ಹಲಗೆ ಮೂರರ ಸುತ್ತಿನಲ್ಲಿ ಬರುವುದಕ್ಕೆ ಯಾವ ಭಾಷೆಯೂ ಕಾರಣವಲ್ಲ. ಜಾಗಕ್ಕೆ ಇರುವುದೇ ಉದ್ದ, ಅಗಲ, ಎತ್ತರ ಎಂಬ ಮೂರು ದಿಕ್ಕು. ಹತ್ತರಂತೆ ಮೂರು ದಿಕ್ಕಿಗೂ ಬೆಳೆಸಿದ ಮೇಲೆ ಮತ್ತೆ ಘನವೇ ಬರಬೇಕು. ಇಟಾಲಿಯನ್ನಿನಲ್ಲೂ ಇಂಗ್ಲಿಷಿನಲ್ಲೂ ಹೊಸ ಹೆಸರು ಹುಟ್ಟುವುದು ಸರಿಯಾಗಿ ಆ ಘನಗಳ ಬಳಿ, ಸಾವಿರದಲ್ಲಿ ಮತ್ತು ಮಿಲಿಯನ್ನಿನಲ್ಲಿ. ಆಕಾರವೂ ಹೆಸರೂ ಅಲ್ಲಿ ಕಾಕತಾಳೀಯವಾಗಿ ಕೂಡಿಬಂದಿವೆ. ನಮ್ಮಲ್ಲಿ ಕೂಡಿಬರುವುದಿಲ್ಲ: ಲಕ್ಷ ಎಂಬ ಹೆಸರು ಹುಟ್ಟುವುದು ಹಲಗೆಯ ಬಳಿ, ಕೋಟಿ ಹುಟ್ಟುವುದು ಕೋಲಿನ ಬಳಿ. ಬಣ್ಣ ಬದಲಿಸಿದರೆ ಆಕಾರದ ಸತ್ಯ ಮಸುಕಾಗುತ್ತದೆ. ಹೆಸರು ಬದಲಿಸಿದರೆ ಮನೆಯ ಮಾತು ಕೈಬಿಡುತ್ತದೆ. ಎರಡನ್ನೂ ಉಳಿಸಿಕೊಂಡು, ಅವು ಬೇರೆ ಬೇರೆ ಎಂದು ಮಗುವಿಗೆ ತೋರಿಸುವುದೇ ಸರಿ ಎಂಬುದು ನನ್ನ ನಿಲುವು.

ಈ ನೆಲದ ಗಣಿತಜ್ಞರು ಸ್ಥಾನಗಳನ್ನು ಹೇಗೆ ಕಂಡಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ' ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುತ್ತದೆ. ಸಾವಿರ ದಾಟಿದ ಮೇಲೆ ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ; ಇನ್ನೂ ಮುಂದೆ ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ ಎಂದು ಹೆಸರುಗಳು ಜೋಡಿ ಜೋಡಿಯಾಗಿ ಸಾಗುತ್ತವೆ. ಅಲ್ಲಿ ಪ್ರತಿ ಸ್ಥಾನಕ್ಕೂ ಅದರದೇ ಹೆಸರಿದೆ. ಗುಂಪು ಎನ್ನುವುದು ಓದುವವರ ಅನುಕೂಲಕ್ಕೆ ಬಂದದ್ದು. ಒಂಬತ್ತು ವರ್ಷದ ಮಗುವಿಗೆ ಆ 24 ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ. ದೊಡ್ಡ ಸಂಖ್ಯೆಯ ಹೆಸರು ಹೇಳುವುದೆಂದರೆ ಆ ವಯಸ್ಸಿಗೆ ಹಬ್ಬ.

ಮನೆಯಲ್ಲಿ ಮಾಡಬಹುದಾದದ್ದು ಎರಡು. ಮೊದಲನೆಯದು ಅಲ್ಪವಿರಾಮವನ್ನೇ ಒಂದು ವಸ್ತುವಾಗಿ ಮಾಡುವುದು. ಮಾಮೂಲ್‌ಪೇಟೆಯ ಮಣಿ ಅಂಗಡಿಗಳಲ್ಲಿ ಸಿಗುವ ಉದ್ದ ಮಣಿಗಳು ಸಾಕು: ಲಕ್ಷದ ಓದಿಗೆ ಕಪ್ಪು, ಮಿಲಿಯನ್ ಓದಿಗೆ ಬಿಳಿ. ಜೋಡಿಸಿದ ಅಂಕಿಗಳು ಕದಲಬಾರದು, ಮಣಿ ಮಾತ್ರ ಕದಲಬೇಕು. 9621551ರಲ್ಲಿ ಕಪ್ಪು ಮಣಿ ಇಟ್ಟು ಒಮ್ಮೆ, ತೆಗೆದು ಬಿಳಿ ಮಣಿ ಇಟ್ಟು ಒಮ್ಮೆ ಓದಿದ ಮಗುವಿಗೆ ಸಂಖ್ಯೆ ಬದಲಾಗಲಿಲ್ಲ, ಓದು ಬದಲಾಯಿತು ಎಂಬುದು ಕೈಗೇ ತಿಳಿಯುತ್ತದೆ.

ಎರಡನೆಯದು ಕೋಟಿಯನ್ನು ಕಟ್ಟುವುದು. ನಾನು ನೋಡಿದ ಸೆಟ್ಟುಗಳೆಲ್ಲ ಹತ್ತು ಲಕ್ಷದ ಘನದಲ್ಲೇ ನಿಲ್ಲುತ್ತವೆ, ಏಕೆಂದರೆ ಅವುಗಳ ಪ್ರಕಾರ ಅಲ್ಲಿಗೆ ಒಂದು ಸುತ್ತು ಮುಗಿಯಿತು. ನಮ್ಮ ಎಣಿಕೆಯಲ್ಲಿ ಅದು ನಡುದಾರಿ. ಅಂಥ ಹತ್ತು ಘನಗಳನ್ನು ಸಾಲಾಗಿ ಇಟ್ಟರೆ ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಎತ್ತರ, ಐದು ಮೀಟರ್ ಉದ್ದದ ತೊಲೆ; ಅದೇ ಕೋಟಿ. ಇದನ್ನು ಮರದಲ್ಲಿ ಮಾಡಿಸುವ ಮಾತೇ ಇಲ್ಲ. ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ ಹತ್ತು ಲಕ್ಷದ ಒಂದು ಘನ ಮಾಡಿಕೊಳ್ಳಬಹುದು, ಒಂದೂವರೆ ಚದರ ಮೀಟರ್ ರಟ್ಟು ಬೇಕು. ತೊಲೆಯನ್ನು ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ರಟ್ಟಿನ ಘನವನ್ನು ಅದರ ಉದ್ದಕ್ಕೂ ಒಂದೊಂದೇ ಮನೆ ಜರುಗಿಸುತ್ತ ಹತ್ತು ಸಲ ಇಡಬೇಕು. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಆರು ತೊಲೆಗಳು ಪಕ್ಕಪಕ್ಕ ಮೂರು ಮೀಟರ್ ಅಗಲ ಹಿಡಿಯುತ್ತವೆ. ಮೂವತ್ತು-ನಲವತ್ತರ ಸೈಟಿನ ತಾರಸಿಯಲ್ಲಿ ನೀರಿನ ಟ್ಯಾಂಕು ಬಿಟ್ಟೂ ಅಷ್ಟು ಜಾಗ ಸಿಗುತ್ತದೆ. ಪಕ್ಕದಲ್ಲಿ ಹತ್ತು ಲಕ್ಷದ ಒಂದು ಘನ. ಲಕ್ಷದ ಹಲಗೆ ಒಂದೂ ಇಲ್ಲ, ಆ ಸ್ಥಾನದ ಸೊನ್ನೆ ಖಾಲಿ ಜಾಗವಾಗಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಒಂಬತ್ತು ಕೋಲು, ಐದು ಪುಟ್ಟ ಘನ, ಹೀಗೆ ಕೊನೆಯ ಏಳು ಹಸಿರು ಚೂರುಗಳ ತನಕ.

ಭಿನ್ನರಾಶಿಯಲ್ಲೂ ಇಂಥದೇ ಒಂದು ಎಡೆಯಿದೆ, ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಮಾಂಟೆಸ್ಸರಿಯ ಭಿನ್ನರಾಶಿ ವೃತ್ತಗಳು ಇಡೀ ವೃತ್ತದಿಂದ ಹತ್ತನೆಯ ಒಂದು ಭಾಗದವರೆಗೆ ಇವೆ. ಕನ್ನಡ ಭಿನ್ನರಾಶಿಯ ಹಳೆಯ ದಾರಿ ಅರ್ಧ ಮಾಡುತ್ತ ಹೋಗುವುದು: ಅರೆ, ಕಾಲು, ಅರೆಕಾಲು, ವೀಸ. ಹದಿನಾರನೆಯ ಒಂದು ಭಾಗವಾದ ವೀಸ ಆ ವೃತ್ತಗಳಲ್ಲಿ ಇಲ್ಲ. ಅಡುಗೆಮನೆಯಲ್ಲಿ ಇದೆ. 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ಬಂದರೂ ಅನ್ನಕ್ಕೆ ಎಷ್ಟು ಪಾವು ಅಕ್ಕಿ ಇಡಲಿ ಎಂಬ ಮಾತು ಇನ್ನೂ ನಿಂತಿಲ್ಲ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಅಂದರೆ ಚಟಾಕು ಸೇರಿನ ವೀಸ. ಪಾತ್ರೆ ಅಂಗಡಿಯಿಂದ ಪಾವು, ಅಚ್ಚೇರು, ಸೇರು ತಂದು, ಅಕ್ಕಿ ಸುರಿದು ಅಳೆಯಲು ಬಿಟ್ಟರೆ ಮಗು ಕಾಲು ಕಾಲು ಸೇರಿ ಅರೆಯಾಗುವುದನ್ನು ಮಾಡಿ ನೋಡುತ್ತದೆ. ವೃತ್ತಗಳನ್ನು ಅದಾದ ಮೇಲೆ ಕೊಡುವುದು ಒಳ್ಳೆಯದು, ಏಕೆಂದರೆ ಮೂರನೆಯ, ಐದನೆಯ, ಏಳನೆಯ ಭಾಗಗಳು ಯಾವ ಪಾವಿನಲ್ಲೂ ಸಿಗುವುದಿಲ್ಲ. ಅಲ್ಲಿಂದ ಮುಂದಕ್ಕೆ ವೃತ್ತಗಳೇ ಬೇಕು.