ಹೈಫಾ ಪಟ್ಟಣದಲ್ಲಿ ಮೈಸೂರಿನ ರಾವುತರು

1918ನೆಯ ಇಸವಿ ಸೆಪ್ಟೆಂಬರ್ 23ನೆಯ ದಿನ ಮೈಸೂರು ಸಂಸ್ಥಾನದ ರಾವುತರು ಮೆಡಿಟರೇನಿಯನ್ ಸಮುದ್ರತೀರದ ಹೈಫಾ ಪಟ್ಟಣವನ್ನು ಮೊದಲ ಬಾರಿಗೆ ಹೊಕ್ಕರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳು ಅಂದು ಆ ಸಂಸ್ಥಾನಕ್ಕೆ ಸೇರಿದ್ದುದರಿಂದ ಈ ವೃತ್ತಾಂತವು ಇಲ್ಲಿನವರಿಗೆ ಪರಕೀಯವಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಈ ಅಶ್ವದಳವು 1914ರಲ್ಲಿಯೇ ಈಜಿಪ್ಟಿಗೆ ತೆರಳಿ, ಸೂಯೆಜ್ ಕಾಲುವೆಯನ್ನು ಕಾದು, ತರುವಾಯ ಪ್ಯಾಲೆಸ್ತೀನನ್ನು ಸೇರಿತ್ತು. ಹೈಫಾ ಆಗ ತುರ್ಕಿಯ ಸುಲ್ತಾನನ ಅಧೀನದಲ್ಲಿತ್ತು. ಮುನ್ನಡೆಯುವ ಸೈನ್ಯಕ್ಕೆ ಕಡಲಮಾರ್ಗವಾಗಿ ಆಹಾರಸಾಮಗ್ರಿಗಳನ್ನು ತರಿಸಲು ಈ ರೇವು ಅವಶ್ಯವಾಗಿತ್ತು.

ಪಟ್ಟಣದ ದಾರಿಗೆ ಒಂದು ಪಕ್ಕದಲ್ಲಿ ಕಾರ್ಮೆಲ್ ಪರ್ವತ, ಇನ್ನೊಂದು ಪಕ್ಕದಲ್ಲಿ ಕೀಶೋನ್ ಹೊಳೆಯ ಕೆಸರು. ಬೆಟ್ಟದ ಮೇಲಿನ ಫಿರಂಗಿಗಳು ಆ ಇಕ್ಕಟ್ಟಿಗೇ ಗುರಿಯಿಟ್ಟಿದ್ದುವು. ಆದುದರಿಂದ ಮೈಸೂರಿನ ಒಂದು ತುಕಡಿಯು ಕಡಿದಾದ ಕಲ್ಲುಹಾದಿಯಲ್ಲಿ ಬೆಟ್ಟವನ್ನೇರಿತು. ಆಂಗ್ಲ ರಾವುತರ ತುಕಡಿಯೊಂದು ಹಿಂದಿನಿಂದ ಬಂದು ಕೂಡಿಕೊಂಡಿತು. ಅಪರಾಹ್ನ ಸುಮಾರು 2 ಗಂಟೆಗೆ, ಮೇಲೆ ಫಿರಂಗಿಗಳ ಮೇಲೆ ದಾಳಿ ನಡೆಯುತ್ತಿರಲು, ಕೆಳಗೆ ಜೋಧಪುರದ ರಾವುತರು ಭರ್ಜಿಗಳನ್ನು ಹಿಡಿದು ಧಾವಿಸಿದರು. ಅವರ ನಾಯಕನಾದ ಮೇಜರ್ ದಳಪತ್ ಸಿಂಗನು ಮಡಿದನು. ಉಳಿದ ಮೈಸೂರಿನವರು ಅವರ ಬೆನ್ನಿಗೇ ಪಟ್ಟಣವನ್ನು ಹೊಕ್ಕರು. ಸೆರೆಸಿಕ್ಕ ಶತ್ರುಗಳು 1300ಕ್ಕೂ ಅಧಿಕ. ಗೆದ್ದವರಲ್ಲಿ ಮಡಿದವರು 8 ಮಂದಿ. ಅವರ ಕುದುರೆಗಳಾದರೋ 60.

ಬಯಲಿನಲ್ಲಿ ಧಾವಿಸಿದವರ ಕೀರ್ತಿ ಬೇಗನೆ ಹರಡುವುದು; ಬೆಟ್ಟವೇರಿ ದಾರಿ ಬಿಡಿಸಿದವರ ಶ್ರಮ ಕಥೆಯ ಅಂಚಿನಲ್ಲಿ ಉಳಿದುಬಿಡುವುದು. ಒಂದಿಲ್ಲದೆ ಇನ್ನೊಂದು ಸಫಲವಾಗುತ್ತಿರಲಿಲ್ಲ. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ಯೋಧರು ಸರಿಸಮನಾಗಿ ನಿಂತಿರುವರು. ಚರಿತ್ರೆಯ ನ್ಯಾಯವೂ ಅದೇ.