ಕುದುರೆಯ ಕಾಲು, ನಾಯಿಯ ಕೀಲು

ಯುಗಾದಿಯಲ್ಲಿ ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆಗೆ ನಮ್ಮನ್ನು ಕರೆದೊಯ್ಯುತ್ತಿದ್ದ ಟಾಂಗಾದ ಮುದುಕನು ಗುಡ್ಡದ ಬುಡದಲ್ಲಿ ಗಾಡಿಯನ್ನು ನಿಲ್ಲಿಸಿ, ಬಾಡಿಗೆಯನ್ನು ಎಣಿಸಿಕೊಳ್ಳುವುದಕ್ಕೂ ಮೊದಲು, ಕುದುರೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಅದರ ಮುಂಗಾಲುಗಳೆರಡನ್ನೂ ಮೊಣಕಾಲಿನಿಂದ ಗೊರಸಿನವರೆಗೆ ಸವರಿ, ಒಂದರ ಕಾವನ್ನು ಇನ್ನೊಂದರ ಕಾವಿನೊಡನೆ ಹೋಲಿಸಿ ನೋಡುತ್ತಿದ್ದನು. ಬೆವರು ಆರಿದ ಮೇಲೆ, ಚೀಲದಿಂದ ನಿಂಬೆಕಾಯಿ ಗಾತ್ರದ ಒಂದು ಉಂಡೆಯನ್ನು ತೆಗೆದು ಮುರಿದು, ಅರ್ಧವನ್ನು ಮಾತ್ರ ಕುದುರೆಗೆ ಕೊಟ್ಟು, ಉಳಿದರ್ಧವನ್ನು ಮತ್ತೆ ಅರಿವೆಯಲ್ಲಿ ಸುತ್ತಿಡುತ್ತಿದ್ದನು. ಮೆಂತ್ಯ, ಅರಿಸಿನ, ಅಜವಾನ, ಬೆಲ್ಲ, ತುಸು ಎಣ್ಣೆ ಸೇರಿಸಿ ಕಟ್ಟಿದ ಆ ಉಂಡೆಯ ಘಮಕ್ಕೆ ಆಸೆಪಟ್ಟು, ಇಡಿಯಾಗಿ ಏಕೆ ಕೊಡುವುದಿಲ್ಲವೆಂದು ನಾನು ಕೇಳಿದಾಗ ಅವನು ಹೇಳಿದ್ದು ಇಷ್ಟೇ: “ಬೆಲ್ಲ ಹೆಚ್ಚಾದ್ರ ಕಾಲು ಕಟ್ಟತಾವ ತಮ್ಮಾ.” ಸಕ್ಕರೆಯೂ ಕಾಳೂ ಮಿತಿಮೀರಿದಾಗ ಕುದುರೆಯ ಗೊರಸಿನೊಳಗಣ ಪದರವು ಉರಿಗೊಂಡು ಅದು ನಿಲ್ಲಲಾರದಂತಾಗುವುದೆಂದು ಇಂದಿನ ಪಶುವೈದ್ಯರು ಹೇಳುವುದನ್ನು ಕೇಳುವಾಗಲೆಲ್ಲ, ಅರಿವೆಯಲ್ಲಿ ಸುತ್ತಿಟ್ಟ ಆ ಅರ್ಧ ಉಂಡೆಯೇ ನನ್ನ ಕಣ್ಣಮುಂದೆ ಬರುತ್ತದೆ.

ಈ ಸೀಮೆಯಲ್ಲಿ ಕುದುರೆಯ ಕಾಲಿನ ಚಿಂತೆ ಇಂದು ನಿನ್ನೆಯದಲ್ಲ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ರಾಜಪುತ್ರಿ ಅಕ್ಕಾದೇವಿಯ ಆಳ್ವಿಕೆಯ ನೆಲೆಯಾಗಿದ್ದ ಊರು. ಗೋಕಾಕದ ಕೋಟೆಗೆ ಸ್ವತಃ ಮುತ್ತಿಗೆ ಹಾಕಿದ ಆ ವೀರಮಹಿಳೆಯ ಸೈನ್ಯಕ್ಕೆ ಅಶ್ವಪಾಲನೆಯ ಜ್ಞಾನವಿಲ್ಲದೆ ನಡೆದಿರಲಾರದು. ಅದೇ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ‘ಲೋಕೋಪಕಾರ’ವನ್ನು ಕನ್ನಡದಲ್ಲಿ ರಚಿಸಿದನು, ಆ ವಂಶದ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ವಾಹ್ಯಾಳಿಗೆ ಒಂದು ವಿನೋದವೂ ಬೇಟೆನಾಯಿಗಳಿಗೆ ‘ಸಾರಮೇಯವಿನೋದ’ವೆಂಬ ಇನ್ನೊಂದೂ ಮೀಸಲಾಗಿವೆ. ಅನಂತರದ ಶತಮಾನಗಳಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’ವು ಕನ್ನಡಕ್ಕೆ ಬಂದಿತು. ಅರಸ ಸೋಮೇಶ್ವರನು ತನ್ನ ಆನೆ ಕುದುರೆಗಳ ಜೊತೆಗೆ ನಾಯಿಯನ್ನೂ ಶಾಸ್ತ್ರದ ಪಂಕ್ತಿಯಲ್ಲಿ ಕುಳ್ಳಿರಿಸಿದನೆಂಬುದು ನನಗೆ ಬಹಳ ಹಿತವೆನಿಸಿದ ಸಂಗತಿ.

ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಕಡಲ ಮೇಲಿಂದ ಬಂದ ಕುದುರೆಗಳಿಗೆ ಇಲ್ಲಿನವರು ಮಾಂಸ ಬೆರೆಸಿದ ಅನ್ನವನ್ನು ತಿನ್ನಿಸುತ್ತಾರೆಂದೂ, ಸರಿಯಾದ ಆರೈಕೆಯಿಲ್ಲದೆ ಅವು ಬೇಗನೆ ಸಾಯುತ್ತವೆಂದೂ ಬರೆದಿಟ್ಟಿದ್ದಾನೆ. ಹಾಗೆ ಸಾಯುವ ಕುದುರೆಗಳ ಜಾಗಕ್ಕೆ ಹೊಸವನ್ನು ತರಿಸುತ್ತಲೇ ಇರಬೇಕಾದ ಅರಸರಿಗೆ ಭಟ್ಕಳ, ಗೋವೆಗಳ ಬಂದರುಗಳು ಬೇಕಾದವು. ಒಳನಾಡಿನ ಬಡ ಸವಾರನಿಗೆ ಅಂಥ ಬಂದರುಗಳಿರಲಿಲ್ಲ. ಮರಾಠರ ಸೈನ್ಯದಲ್ಲಿ ಸರಕಾರದ ಕುದುರೆಯನ್ನೇರುವವನು ಬಾರಗೀರ, ತನ್ನ ಸ್ವಂತ ಕುದುರೆಯೊಡನೆ ಬರುವವನು ಶಿಲೇದಾರ. ಶಿಲೇದಾರನ ಕುದುರೆ ಕುಂಟಿತೆಂದರೆ ಅವನ ಸಂಬಳವೂ ಕುಂಟಿದಂತೆಯೇ. ಆದುದರಿಂದ ಪಾಗಾದಲ್ಲಿ, ಎಂದರೆ ಕುದುರೆಲಾಯದಲ್ಲಿ, ನಾಲ ಕಟ್ಟುವ ನಾಲಬಂದನಿಗೂ, ಪ್ರಾಚೀನ ಅಶ್ವಶಾಸ್ತ್ರಕಾರ ಶಾಲಿಹೋತ್ರನ ಹೆಸರಿನಿಂದಲೇ ‘ಸಾಲೋತ್ರಿ’ ಎನಿಸಿಕೊಂಡ ಕುದುರೆವೈದ್ಯನಿಗೂ ಸವಾರನಷ್ಟೇ ಬೆಲೆಯಿದ್ದಿತು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಮುತ್ತಿ ಹಿಡಿದಾಗಲೂ, ಅನಂತರ ಮರಾಠರೂ ನಿಜಾಮನೂ ಕೂಡಿ ಘೋರ್ಪಡೆಯವರ ಗಜೇಂದ್ರಗಡದವರೆಗೆ ಬಂದು, 1787ರಲ್ಲಿ ಆ ಊರಿನ ಹೆಸರಿನ ಒಪ್ಪಂದದಿಂದ ಯುದ್ಧ ಮುಗಿದಾಗಲೂ, ಸಾವಿರಾರು ಗೊರಸುಗಳು ನಮ್ಮ ಎರೆಭೂಮಿಯನ್ನು ತುಳಿದವು.

ಎರೆಭೂಮಿಯಲ್ಲಿ ನಡೆದವರಿಗೆ ಅದರ ಸ್ವಭಾವ ಗೊತ್ತು. ಮಳೆಗಾಲದಲ್ಲಿ ಅದು ಗೊರಸನ್ನು ಹಿಡಿದು ಬಿಡದು. ಪ್ರಾಣಿಯು ಕಾಲನ್ನು ಕಿತ್ತು ಕಿತ್ತು ಇಡುವಾಗ ಸ್ನಾಯುವೂ ಕೀಲೂ ಉಳುಕುತ್ತವೆ. ಬೇಸಗೆಯಲ್ಲಿ ಅದೇ ನೆಲ ಬಾಯಿಬಿಟ್ಟು, ಓಡುವ ಕಾಲನ್ನು ನುಂಗುವಂಥ ಬಿರುಕುಗಳಾಗುತ್ತವೆ. ಮಸಾರಿಯ ದಾರಿ ಸಿಕ್ಕಲ್ಲಿ ಸುತ್ತಾದರೂ ಅದನ್ನೇ ಹಿಡಿಯುತ್ತಿದ್ದ ಆ ಟಾಂಗಾದವನು ನನ್ನ ದೃಷ್ಟಿಯಲ್ಲಿ ಉಂಡೆ ಕಟ್ಟುವಾಗಿನದಕ್ಕಿಂತ ಹೆಚ್ಚಿನ ವೈದ್ಯವನ್ನು ಅಲ್ಲಿಯೇ ಮಾಡುತ್ತಿದ್ದನು. ಮೇವಿನ ವಿಷಯವೂ ಹಾಗೆಯೇ. ಗೋದಿಯ ಬೂಸಾ ಮೆತ್ತಗಿದೆಯೆಂದು ಅದನ್ನೇ ಬಾಯಿಗೆ ಕಟ್ಟುವ ತೋಬರದಲ್ಲಿ ತುಂಬಿ ತುಂಬಿ ಕೊಟ್ಟರೆ, ಅದರಲ್ಲಿ ಸುಣ್ಣದ ಅಂಶಕ್ಕಿಂತ ರಂಜಕವು ಎಷ್ಟೋ ಪಟ್ಟು ಹೆಚ್ಚಿರುವುದರಿಂದ, ಕುದುರೆಯ ದೇಹ ತನ್ನ ಎಲುಬಿನ ಸುಣ್ಣವನ್ನೇ ಕರಗಿಸಿ ಕೊರತೆಯನ್ನು ತುಂಬಿಕೊಳ್ಳುತ್ತದೆ. ಮುಖದ ಎಲುಬು ಊದಿ, ಕಾರಣ ತಿಳಿಯದ ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ರೋಣ, ನರಗುಂದಗಳ ಹಿಂಗಾರಿ ಹೊಲದ ಕಡಲೆಯ ಹೊಟ್ಟಿನಲ್ಲಿ ಜೋಳದ ಕಣಿಕೆಗಿಂತ ಸುಣ್ಣ ಅಧಿಕ. ಕೀಲುನೋವಿಗೆಂದು ಮಾರುವ ಪುಡಿಯನ್ನು ಕೊಳ್ಳುವ ಮುನ್ನ ಈ ತೋಬರವನ್ನು ಬಗ್ಗಿ ನೋಡುವವರು ವಿರಳ.

1858ರ ಮೇ ತಿಂಗಳ ಕೊನೆಯಲ್ಲಿ ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಭಾವೆಯು ದತ್ತಕದ ಹಕ್ಕನ್ನು ನಿರಾಕರಿಸಿದ ಕಂಪನಿಯ ವಿರುದ್ಧ ಎದ್ದು, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನನ್ನು ರಾತ್ರಿ ಮುತ್ತಿ ಕೊಂದದ್ದೂ, ಸುಮಾರು ಎರಡು ವಾರಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ್ದೂ ಎಲ್ಲರೂ ಬಲ್ಲ ಕಥೆ. ಸಂಸ್ಥಾನವು ಹೋದ ಮೇಲೆ ಪಾಗಾ ಹೋಯಿತು. ಪಾಗಾ ಹೋದ ಮೇಲೆ ಸಾಲೋತ್ರಿಯ ವಿದ್ಯೆಗೆ ಆಶ್ರಯ ತಪ್ಪಿತು. 1886ರಲ್ಲಿ ಮುಂಬಯಿಯಲ್ಲಿ ಪಶುವೈದ್ಯ ಕಾಲೇಜು ತೆರೆದು, ಧಾರವಾಡ ಜಿಲ್ಲೆಯೂ ಆ ಪ್ರಾಂತದ್ದೇ ಆಗಿದ್ದುದರಿಂದ, ಹೊಸ ವಿದ್ಯೆ ಮೆಲ್ಲನೆ ಇತ್ತ ಬಂದಿತು. ಕುದುರೆಯಾದರೋ ಟಾಂಗಾಕ್ಕೆ ಇಳಿಯಿತು. ಈಗ ಜಾತ್ರೆಯಲ್ಲಿ, ಮದುವೆಯ ಮೆರವಣಿಗೆಯಲ್ಲಿ ಕಾಣಸಿಗುತ್ತದೆ.

ಉಳಿದದ್ದು ನಾಯಿ. ಮುಧೋಳದ ಘೋರ್ಪಡೆ ಅರಸರು ಸಾಕಿ ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಆ ನೀಳಕಾಲಿನ ಬೇಟೆನಾಯಿಯ ತಳಿ ಈ ಸೀಮೆಯ ಕುರಿಹಟ್ಟಿಗಳಿಗೂ ಹೊಸದಲ್ಲ. ಅದರ ಪಕ್ಕೆಲುಬು, ಸೊಂಟದೆಲುಬು ಎದ್ದು ತೋರುವುದೇ ಆರೋಗ್ಯದ ಲಕ್ಷಣ. ಅದನ್ನರಿಯದ ಪೇಟೆಯ ಒಡೆಯರು ತುಪ್ಪದನ್ನವನ್ನಿಟ್ಟು ಕೊಬ್ಬಿಸಿ, ಆಮೇಲೆ ಕೀಲುನೋವಿಗೆ ಡಬ್ಬಿ ತರುತ್ತಾರೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿಜೋಡಿಯಾಗಿ ಜೀವಮಾನವೆಲ್ಲ ಸಾಕಿ ನೋಡಿದಾಗ, ಜೊತೆಯದಕ್ಕಿಂತ ಕಾಲುಭಾಗ ಕಡಮೆ ಉಂಡವು ಹೆಚ್ಚುಕಡಮೆ ಎರಡು ವರ್ಷ ಹೆಚ್ಚು ಬದುಕಿದವು, ಸಂಧಿವಾತವೂ ಅವಕ್ಕೆ ತಡವಾಗಿ ಬಂದಿತು. ಯಾವ ಪುಡಿಯೂ ಇದಕ್ಕೆ ಸರಿಗಟ್ಟಿದ್ದನ್ನು ನಾನು ಕೇಳಿಲ್ಲ. ಸಿಗಡಿ ಏಡಿಗಳ ಚಿಪ್ಪಿನಿಂದ ತೆಗೆದ ಗ್ಲುಕೋಸಮೈನ್, ಮೃದ್ವಸ್ಥಿಯಿಂದ ತೆಗೆದ ಕಾಂಡ್ರಾಯಿಟಿನ್‌ಗಳ ಗುಣಕ್ಕೆ ನಾಯಿಯಲ್ಲಾಗಲಿ ಕುದುರೆಯಲ್ಲಾಗಲಿ ಸಿಕ್ಕ ಸಾಕ್ಷ್ಯ ದುರ್ಬಲ. ಮೀನೆಣ್ಣೆಯ ಪಕ್ಷ ಇದಕ್ಕಿಂತ ಗಟ್ಟಿ, ಆದರೆ ಅದೂ ಅತಿಯಾದರೆ ಭೇದಿಯಾಗುವುದು, ರಕ್ತ ಹೆಪ್ಪುಗಟ್ಟುವುದು ತಡವಾಗುವುದು. ಇಂಥವು ನಿಧಾನದ ಪದಾರ್ಥಗಳು. ಒಂದನ್ನು ಹಿಡಿದು ಒಂದೆರಡು ತಿಂಗಳು ನೋಡದೆ ಮೂರನ್ನು ಒಟ್ಟಿಗೆ ಕೊಟ್ಟರೆ ಯಾವುದು ಹಿಡಿಯಿತು, ಯಾವುದು ಕೆಡಿಸಿತು ಎಂಬುದು ತಿಳಿಯದು.

ಹೋದ ವರ್ಷ ನರಗುಂದದ ಗುಡ್ಡದ ಕೆಳಗೆ, ಎಂಟು ವರ್ಷದ ಮುಧೋಳ ತಳಿಯ ಒಂದು ನಾಯಿಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಕುರಿಗಾರರ ಹುಡುಗ ಕುಳಿತಿದ್ದನು. “ಅಜ್ಜಾರ, ನಮ್ಮಪ್ಪ ಮಣಕಾಲಿಗೆ ನುಂಗೂ ಗುಳಗಿ ಅದಾವ, ಅರ್ಧ ಹಾಕ್ಲೇನ್ರಿ?” ಎಂದನು. “ಬ್ಯಾಡೋ ತಮ್ಮಾ, ಜೀವಕ್ಕ ಬರ್ತೈತಿ,” ಎಂದೆನು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಂಥ ಮನುಷ್ಯರ ಗುಳಿಗೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಮನುಷ್ಯರಿಗಾಗಿ ಮಾಡಿದ ಸಿಹಿಗುಳಿಗೆಯಲ್ಲಿ ಕ್ಸೈಲಿಟಾಲ್ ಇದ್ದರೆ ಅದೂ ವಿಷವೇ. ಕುದುರೆಯ ಉಂಡೆಗೆ ಕೆಲವರು ಹಾಕುವ ಬೆಳ್ಳುಳ್ಳಿ ನಾಯಿಗೆ ಸಲ್ಲದು. ಹುಡುಗನನ್ನೂ ನಾಯಿಯನ್ನೂ ಪಶು ಆಸ್ಪತ್ರೆಗೆ ಕರೆದೊಯ್ದೆನು. ಅಲ್ಲಿಯ ಡಾಕ್ಟರರು ಕಾಲನ್ನು ಮಡಿಸಿ ಬಿಡಿಸಿ ನೋಡಿ, ಔಷಧ ಬರೆದು, ಮೀನೆಣ್ಣೆಯನ್ನು ತೂಕಕ್ಕೆ ತಕ್ಕಷ್ಟೇ ಕೊಡಬೇಕೆಂದು ತಿಳಿಸಿ, ತೂಕವೆಷ್ಟೆಂದು ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ಪೇಟೆಯ ಕಡಲೆ ಅಂಗಡಿಯ ತೂಕದ ಕಾಟಾದ ಮೇಲೆ ಮೊದಲು ಅವನೊಬ್ಬನೇ ನಿಂತನು. ಅನಂತರ, ಚೀಲಗಳ ವಾಸನೆಗೆ ಮೂಗನ್ನು ಅರಳಿಸುತ್ತ ಒದ್ದಾಡುತ್ತಿದ್ದ ನಾಯಿಯನ್ನು ಅಪ್ಪಿಕೊಂಡು ನಿಂತನು. ಅಂಗಡಿಯವರು ಒಂದರಿಂದೊಂದನ್ನು ಕಳೆದು, 24 ಕಿಲೋ ಎಂದು ಪಟ್ಟಿಯ ಚೀಟಿಯಲ್ಲಿ ಬರೆದುಕೊಟ್ಟರು.