ಶೋಕಕ್ಕೂ ಅಪ್ಪಣೆ ಬೇಕಾದಾಗ

ವಡಾಲದಲ್ಲಿ ನೆಲೆಸಿದ ನಮಗೆ ಬಂದರು ದೂರದ್ದಲ್ಲ. ಒಂದು ಕಾಲಕ್ಕೆ ಪೋರ್ಟ್ ಟ್ರಸ್ಟಿನ ಗೂಡ್ಸ್ ಗಾಡಿಗಳು ಇಲ್ಲಿಂದಲೇ ಹಡಗುಕಟ್ಟೆಗಳಿಗೆ ಹೋಗಿ ಬರುತ್ತಿದ್ದವು. ಆ ಹಾದಿಯ ತುದಿಯಲ್ಲಿ 1944ರ ಏಪ್ರಿಲ್ 14ರಂದು ನಡೆದುದನ್ನು ನಮ್ಮ ಮಕ್ಕಳೂ ತಿಳಿದಿರಬೇಕು.

ಅವು ಎರಡನೆಯ ಮಹಾಯುದ್ಧದ ದಿನಗಳು. ಇಂಗ್ಲೆಂಡಿನಿಂದ ಕರಾಚಿಯ ಮಾರ್ಗವಾಗಿ ಬಂದ ‘ಫೋರ್ಟ್ ಸ್ಟಿಕೈನ್’ ಎಂಬ ಹಡಗು ವಿಕ್ಟೋರಿಯಾ ಡಾಕಿನಲ್ಲಿ ನಿಂತಿತ್ತು. ಅದರೊಳಗೆ ಸುಮಾರು 1,400 ಟನ್ ಸ್ಫೋಟಕ ಸಾಮಗ್ರಿ. ಜೊತೆಗೆ ಹತ್ತಿಯ ಮೂಟೆಗಳು, ಎಣ್ಣೆಯ ಪೀಪಾಯಿಗಳು, ಚಿನ್ನದ ಗಟ್ಟಿಗಳು. ಮಧ್ಯಾಹ್ನ ಕಾಣಿಸಿದ ಬೆಂಕಿ ಆರಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು; ಸುಮಾರು ಅರ್ಧ ತಾಸಿನಲ್ಲಿ ಮತ್ತೊಂದು ಸ್ಫೋಟ. ಬೆಂಕಿ ನಂದಿಸಲು ಹೋದ 66 ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು. ಸತ್ತವರು 800 ಎಂದು ಕೆಲವರು, 1,300 ಎಂದು ಕೆಲವರು ಅಂದಾಜು ಮಾಡುತ್ತಾರೆ. ಸುಮಾರು 80,000 ಜನ ಮನೆ ಕಳೆದುಕೊಂಡರು.

ಇಷ್ಟಾದರೂ ಬ್ರಿಟಿಷ್ ಸರಕಾರ ಸುದ್ದಿಗೆ ಬೀಗ ಜಡಿಯಿತು. ಶತ್ರುವಿಗೆ ತಿಳಿಯಬಾರದೆಂಬುದು ಅದರ ವಾದ. ಆದರೆ ಮರುದಿನವೇ ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ವಿವರಗಳನ್ನು ಬಿತ್ತರಿಸಿತು! ಶತ್ರುವಿಗೆ ತಿಳಿದುದನ್ನು ಅಚ್ಚು ಹಾಕಲು ಇಲ್ಲಿಯ ಪತ್ರಿಕೆಗಳಿಗೆ ಮೇ ತಿಂಗಳ ಎರಡನೆಯ ವಾರದವರೆಗೆ ಅಪ್ಪಣೆ ಸಿಗಲಿಲ್ಲ. ಜನರ ಕಣ್ಣೀರು ಒರೆಸಬೇಕಾಗಿದ್ದ ನಾಯಕರೋ, 1942ರ ಆಗಸ್ಟಿನಿಂದ ಸೆರೆಯಲ್ಲಿದ್ದರು. ಗಾಂಧೀಜಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ, ನೆಹರೂ ಅಹಮದ್‌ನಗರದ ಕೋಟೆಯಲ್ಲಿ.

ಮುಂದೆ ಸರಕಾರ ನಷ್ಟಕ್ಕೆ ಪರಿಹಾರ ಕೊಟ್ಟಿತು, ನಿಜ. ಆದರೆ ಸಾವಿನ ಮನೆಗೆ ಮೊದಲು ಬೇಕಾದದ್ದು, ‘ನಿಮಗೆ ಹೀಗಾಯಿತಲ್ಲ’ ಎಂಬ ಒಂದು ಮಾತು. ಬಂದರಿನ ಕೂಲಿಗಳಲ್ಲಿ ಹೆಚ್ಚಿನವರು ನಮ್ಮಂತೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಗಂಡ ಮರಳಲಿಲ್ಲವೇಕೆಂದು ದೂರದ ಹಳ್ಳಿಯ ಹೆಂಡತಿಗೆ ಯಾವ ಪತ್ರಿಕೆಯೂ ಹೇಳುವಂತಿರಲಿಲ್ಲ. ಆ ಹಡಗಿನ ಚಿನ್ನದ ಗಟ್ಟಿಗಳು 2011ರಲ್ಲೂ ಹೂಳಿನಲ್ಲಿ ಸಿಕ್ಕವು; ಸತ್ತ ಕೂಲಿಗಳ ಸರಿಯಾದ ಲೆಕ್ಕ ಮಾತ್ರ ಇಂದಿಗೂ ಸಿಕ್ಕಿಲ್ಲ.

ಏಪ್ರಿಲ್ 14ರಿಂದ ದೇಶವು ಅಗ್ನಿಶಾಮಕ ಸಪ್ತಾಹವನ್ನು ಆಚರಿಸುತ್ತದೆ. ಆ 66 ಮಂದಿಯ ನೆನಪು ಹೀಗೆ ಉಳಿದಿದೆ. ಅದೇ ದಿನ ಹೆಸರಿಲ್ಲದ ಹಮಾಲರನ್ನೂ ನೆನೆಯೋಣ. ಆಳುವವರು ಮರುಗಲಿಲ್ಲವೆಂದು ನೆರೆಹೊರೆಯವರು ಮರುಗದಿರಬಾರದು. ನಾಳೆ ನಮ್ಮ ಚಾಳಿನಲ್ಲಿ, ನಮ್ಮ ಕಟ್ಟಡದಲ್ಲಿ ಸಾವಾದಾಗಲೂ ಅಷ್ಟೇ. ಯಾರ ಹೇಳಿಕೆಗೂ ಕಾಯದೆ ಆ ಮನೆಯ ಬಾಗಿಲಿಗೆ ಹೋಗೋಣ.